ಊರಿನ ನಾಯಿಗೆ ಏನು ತಗೊಂಡು ಹೋಗಲಿ? ಮಳೆಗಾಲ ಹತ್ತಿರ ಬಂತು

ತುಂಗಾತೀರ (ಶಿವಮೊಗ್ಗ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಶಿವಮೊಗ್ಗ ಪೇಟೆಯಲ್ಲಿ. ತವರುಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು, ದರಗು ತರುವ ಕಾಡು). ಅಪ್ಪಯ್ಯ, ಅಮ್ಮ, ಅಣ್ಣ, ಅತ್ತಿಗೆ ಅಲ್ಲಿದ್ದಾರೆ. ಕಳೆದ ವರ್ಷದ ಕೊನೆಗೆ ಒಂದು ನಾಟಿ ನಾಯಿಮರಿ ತಂದರು. ಹೆಸರು ಕೆಂಚ. ಈಗ ಚೆನ್ನಾಗಿ ಬೆಳೆದಿದ್ದಾನೆ. ಅಪ್ಪಯ್ಯ ತೋಟಕ್ಕೆ ಹೊರಟರೆ ಇವನು ಮುಂದೆ ಇರಲೇಬೇಕು.

ಮುಂದಿನ ವಾರ ಊರಿಗೆ ಹೋಗುತ್ತಿದ್ದೇನೆ. ಮನೆಯವರಿಗೆಲ್ಲ ಏನಾದರೂ ತಗೊಂಡು ಹೋಗುವುದು ರೂಢಿ. ಈ ಸಲ ಕೆಂಚನಿಗೂ ಏನಾದರೂ ಕೊಡಬೇಕು ಅಂತ ಆಸೆ. ಮೊಬೈಲಿನಲ್ಲಿ ಹುಡುಕಿದರೆ ರೇನ್‌ಕೋಟು, ಕಾಲಿಗೆ ಶೂ, ಸ್ಪಂಜಿನ ಹಾಸಿಗೆ, ಪೀಂ ಪೀಂ ಅನ್ನುವ ಗೊಂಬೆ, ಹೀಗೆ ನೂರಾರು ಬರುತ್ತವೆ. ಯಾವುದು ನಿಜವಾಗಿ ಉಪಯೋಗಕ್ಕೆ ಬರುತ್ತೆ ಅಂತ ಗೊತ್ತಾಗುತ್ತಿಲ್ಲ. ಸುಮಾರು 3000 ರೂಪಾಯಿ ಖರ್ಚು ಮಾಡಬಹುದು. ಅವನು ಮಲಗುವುದು ಜಗಲಿ ಮೂಲೆಯಲ್ಲಿ, ಗೋಣಿಚೀಲದ ಮೇಲೆ. ಹಗಲು ಪೂರ್ತಿ ಬಿಟ್ಟೇ ಇರುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ನಾಯಿ ಸಾಕಿದವರು ದಯವಿಟ್ಟು ಹೇಳಿ.

ಭದ್ರೆಯ ದಂಡೆ (ಭದ್ರಾವತಿ) ಹೇಳಿದ್ದು:

ನಮ್ಮದು ಪೇಟೆ ಮನೆ, ಲ್ಯಾಬ್ರಡಾರ್ ಹೆಣ್ಣು ನಾಯಿ. ನಿಮ್ಮ ಕೆಂಚನ ವಯಸ್ಸಿಗೆ ಕಚ್ಚುವುದಕ್ಕೆ ಏನಾದರೂ ಬೇಕೇ ಬೇಕು. ಇಲ್ಲದಿದ್ದರೆ ಚಪ್ಪಲಿಗೆ ಬಾಯಿ ಹಾಕುತ್ತೆ. ಪೀಂ ಪೀಂ ಗೊಂಬೆ ಬೇಡ. ಹರಿದು ಒಳಗಿನ ಪ್ಲಾಸ್ಟಿಕ್ ಬಿಲ್ಲೆ ನುಂಗಿಬಿಡುತ್ತವೆ. ಗಟ್ಟಿ ರಬ್ಬರಿನ, ನಡುವೆ ಟೊಳ್ಳಿರುವ ಆಟಿಕೆ ತಗೊಳ್ಳಿ. ಒಳಗೆ ಮೊಸರನ್ನ ತುಂಬಿ ಕೊಟ್ಟರೆ ಅರ್ಧ ಗಂಟೆ ನೆಕ್ಕುತ್ತಾ ಕೂರುತ್ತೆ. ಚೆಂಡು ತಗೊಂಡರೆ ಬಾಯೊಳಗೆ ಪೂರ್ತಿ ಹೋಗದಷ್ಟು ದೊಡ್ಡದಿರಲಿ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಗಂಟು ಹಾಕಿ ಕೊಟ್ಟರೂ ಆಯಿತು, ಅದಕ್ಕೆ ದುಡ್ಡೇ ಬೇಡ. ನೂಲು ಬಿಚ್ಚಲು ಶುರುವಾದರೆ ಎಸೆದುಬಿಡಿ.

ರೇನ್‌ಕೋಟಿನ ಬಗ್ಗೆ ಹಳ್ಳಿಯವರೇ ಹೇಳಲಿ. ನಮ್ಮದಕ್ಕೆ ಬೆಳಿಗ್ಗೆ ಸಂಜೆ ರಸ್ತೆಯಲ್ಲಿ ಹತ್ತು ನಿಮಿಷ ಓಡಾಡಿಸುವಾಗ ಹಾಕುತ್ತೇವೆ, ಅಷ್ಟಕ್ಕೆ ಸರಿ ಹೋಗುತ್ತೆ.

ತೋಟದ ಮನೆ (ಹೊಸನಗರ ತಾಲ್ಲೂಕು) ಹೇಳಿದ್ದು:

ಅಕ್ಕಾ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಮ್ಮ ಕಡೆ ಮನೆಗೊಂದು ನಾಯಿ ಇದ್ದೇ ಇರುತ್ತೆ, ಆದರೆ ಅದಕ್ಕೂ ಏನಾದರೂ ಬೇಕು ಅಂತ ಯೋಚಿಸುವವರು ಕಡಿಮೆ. ನಾನು ಚಿಕ್ಕಂದಿನಿಂದ ನಾಯಿಗಳ ಜೊತೆಗೇ ಬೆಳೆದವನು. ಈಗಲೂ ಎರಡು ಇವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಒಂದು ವಿಷಯ. ಮೊಬೈಲಿನಲ್ಲಿ ಕಾಣುವ ಸಾಮಾನಿನಲ್ಲಿ ಹೆಚ್ಚಿನದು ಒಣ ಊರಿನ, ಮನೆಯೊಳಗಿನ ನಾಯಿಗೆ ಮಾಡಿದ್ದು. ನಮ್ಮ ನಾಯಿಗೆ ಕಷ್ಟ ಕೊಡುವುದು ಎರಡೇ: ಒದ್ದೆ ಮತ್ತು ಉಣುಗು (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ, ಉಣ್ಣೆ). ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಿಮ್ಮ ಮನೆ ಆ ದಾರಿಯಲ್ಲೇ ಇದೆ. ಹಾಗಾಗಿ ಯಾವುದೇ ಸಾಮಾನು ಕೈಗೆ ತಗೊಂಡರೂ ಇದು ಜುಲೈ ತಿಂಗಳಲ್ಲಿ ಒಣಗುತ್ತಾ ಅಂತ ಕೇಳಿಕೊಳ್ಳಿ. ಒಣಗದ್ದನ್ನು ಅಲ್ಲೇ ಬಿಡಿ.

ರೇನ್‌ಕೋಟು ಬೇಡ. ತೋಟ ಸುತ್ತುವ ನಾಯಿಗೆ ಅದು ಹಿಂಸೆ. ಒಳಗೆ ನೀರು ಹೋದರೆ ಮತ್ತೆ ಹೊರಗೆ ಬರುವುದಿಲ್ಲ. ಮುಂಗಾಲಿನ ಕಂಕುಳಲ್ಲಿ ಉಜ್ಜಿ ಉಜ್ಜಿ ಹುಣ್ಣಾಗುತ್ತೆ. ಪೊದೆಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದೂ ಕಷ್ಟ. ಶೂ ಅಂತೂ ಕೆಸರಿನಲ್ಲಿ ಕಾಲಿಗೇ ನಿಲ್ಲುವುದಿಲ್ಲ. ನಾಯಿ ನೆನೆಯಲಿ, ಪರವಾಗಿಲ್ಲ. ನೆನೆದು ಬಂದ ಮೇಲೆ ಒರೆಸಬೇಕು, ಅಷ್ಟೇ. ಹಳೇ ಹತ್ತಿ ಪಂಚೆ, ಲುಂಗಿ ಎಷ್ಟಿದ್ದರೂ ತಗೊಂಡು ಹೋಗಿ. ದಪ್ಪ ಟರ್ಕಿ ಟವೆಲಿಗಿಂತ ತೆಳು ಪಂಚೆ ಒಳ್ಳೆಯದು, ಹಿಂಡಿ ಬಚ್ಚಲ ಒಲೆ ಹತ್ತಿರ ಹಾಕಿದರೆ ಬೆಳಗಾಗುವುದರೊಳಗೆ ಒಣಗಿರುತ್ತೆ. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಬೆಲ್ಟಿನ ಅಡಿ, ಈ ಮೂರು ಕಡೆ ಒರೆಸಲು ಅತ್ತಿಗೆಗೆ ಹೇಳಿ. ಮಳೆಗಾಲದಲ್ಲಿ ನಾಯಿ ತಲೆ ಕೊಡವುವುದು, ಕಾಲು ನೆಕ್ಕುತ್ತಲೇ ಇರುವುದು, ಕೂದಲು ಉದುರಿ ಚಕ್ರದ ಹಾಗೆ ಬೋಳಾಗುವುದು ಜಾಸ್ತಿ. ಒದ್ದೆ ನಿಂತ ಜಾಗದಿಂದಲೇ ಅವು ಹೆಚ್ಚಾಗಿ ಶುರುವಾಗುತ್ತವೆ.

ಹಾಸಿಗೆ ವಿಚಾರಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಉಡುಗೊರೆ. ಸ್ಪಂಜಿನ ಹಾಸಿಗೆ ಅಂಗಡಿಯಲ್ಲಿ ಮೆತ್ತಗೆ ಚೆನ್ನಾಗಿ ಕಾಣುತ್ತೆ. ನಮ್ಮ ಊರಲ್ಲಿ ಅದು ಜೂನ್‌ನಲ್ಲಿ ನೆನೆದರೆ ನವರಾತ್ರಿವರೆಗೂ ಒಣಗುವುದಿಲ್ಲ. ಬೂಷ್ಟು ಹಿಡಿದು, ವಾಸನೆ ಬಂದು, ಕೊನೆಗೆ ನಾಯಿಯೇ ಅದರ ಮೇಲೆ ಮಲಗುವುದು ಬಿಡುತ್ತೆ. ನೆಲದ ಮೇಲಿನ ಗೋಣಿಚೀಲವೂ ಅಷ್ಟೇ, ಜಗಲಿ ನೆಲದ ತಂಡಿ ಪೂರ್ತಿ ಹೀರುತ್ತೆ. ನಾಯಿಗೆ ಬೇಕಾಗಿರುವುದು ನೆಲದಿಂದ ಒಂದು ಗೇಣು ಎತ್ತರದ ಜಾಗ, ಅಡಿಯಲ್ಲಿ ಗಾಳಿ ಆಡಬೇಕು.

ಅದನ್ನು ಕೊಳ್ಳಲೂ ಬಹುದು. ಕಬ್ಬಿಣದ ಚೌಕಟ್ಟಿಗೆ ಬಲೆ ಬಟ್ಟೆ ಎಳೆದು ಕಟ್ಟಿದ ನಾಯಿ ಮಂಚ ಸಿಗುತ್ತೆ. ಆದರೆ ತೋಟದ ಮನೆಗೆ ಅದಕ್ಕಿಂತ ಒಳ್ಳೆಯದು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ನಾಲ್ಕು ಕಾಲಿನ ಒಂದು ಚೌಕಟ್ಟು ಮಾಡಿ, ಅದರ ಮೇಲೆ ದಬ್ಬೆಗಳನ್ನು ಸಣ್ಣ ಸಂದು ಬಿಟ್ಟು ಹೊಡೆದರೆ ಆಯಿತು. ನೀರು ಸೋರಿ ಹೋಗುತ್ತೆ, ಗಾಳಿ ಆಡುತ್ತೆ. ಒಂದೇ ಎಚ್ಚರ: ದಬ್ಬೆಯ ಸಿಬಿರು ಬಹಳ ಚೂಪು. ಕತ್ತಿಯಿಂದ ಚೆನ್ನಾಗಿ ಹೆರೆಸಿ, ಉಜ್ಜುವ ಕಾಗದದಲ್ಲಿ ತಿಕ್ಕಿಸಬೇಕು. ನಾಯಿ ಕಾಲು ಚಾಚಿ ಮಲಗುವಷ್ಟು ಉದ್ದ ಇರಲಿ. ಮೇಲೆ ಹಾಸಲು ಗೋಣಿಚೀಲಕ್ಕೆ ಹೊಲಿದ ಹತ್ತಿ ಗವಸು ಮೂರಾದರೂ ಬೇಕು. ಒಂದು ಹಾಸಿಗೆ ಮೇಲೆ, ಒಂದು ಒಗೆಯಲು, ಒಂದು ಒಲೆ ಹತ್ತಿರ. ಈ ಗವಸು ನೀವು ಶಿವಮೊಗ್ಗದಲ್ಲಿ ಹೊಲಿಸಿಕೊಂಡು ಹೋಗಿ. ಅಣ್ಣನಿಂದ ಮಂಚ ಮಾಡಿಸಿ. ಚಳಿಗೆ ಹಳೇ ಕಂಬಳಿ ತುಂಡು ಸಾಕು.

ಮಂಚ ಎಲ್ಲಿಡುತ್ತಾರೆ ಅನ್ನುವುದೂ ಮುಖ್ಯ. ತೆರೆದ ಜಗಲಿ ಮೂಲೆ ಬೇಡ. ಮಳೆ ಎರಚಲು ಹೊಡೆಯುತ್ತೆ. ಅದಕ್ಕಿಂತ ಹೆಚ್ಚಿಗೆ, ಕಾಡಂಚಿನ ಮನೆಗಳಿಂದ ಚಿರತೆ ರಾತ್ರಿ ಎತ್ತಿಕೊಂಡು ಹೋಗುವುದು ಹೆಚ್ಚಾಗಿ ನಾಯಿಯನ್ನೇ. ಹೊರಗೆ ಸರಪಳಿ ಹಾಕಿ ಕಟ್ಟಿದ ನಾಯಿ ಓಡಲೂ ಆಗದೆ ಸಿಕ್ಕಿಬೀಳುತ್ತೆ. ನನಗೆ ಇದು ನೆನೆಸಿಕೊಂಡರೇ ಸಂಕಟ. ಕತ್ತಲಾದ ಮೇಲೆ ಕೆಂಚ ಬಾಗಿಲು ಹಾಕುವ ಜಾಗದಲ್ಲಿ ಇರಬೇಕು. ಬಚ್ಚಲುಮನೆಯ ಒಣ ಮೂಲೆ, ಅಡಿಕೆ ಸುಲಿಯುವ ಚಪ್ಪರಕ್ಕೆ ಬಾಗಿಲಿದ್ದರೆ ಅದು, ಕೊಟ್ಟಿಗೆ, ಎಲ್ಲಾದರೂ ಸರಿ. ಅಪ್ಪಯ್ಯನವರ ಹತ್ತಿರ ಇದನ್ನು ಕೂತು ಮಾತಾಡಿ ಬನ್ನಿ.

ಇನ್ನು ಬೆಲ್ಟು. ಚರ್ಮದ್ದು ಬೇಡ, ಒಂದೇ ಮಳೆಗಾಲಕ್ಕೆ ಬೂಷ್ಟು ಬಂದು ಬಿರುಸಾಗುತ್ತೆ. ನೈಲಾನ್ ಪಟ್ಟಿ, ತುಕ್ಕು ಹಿಡಿಯದ ಬಕಲ್ ಇರುವುದು ತಗೊಳ್ಳಿ. ಬೆಳಕು ಬಿದ್ದರೆ ಹೊಳೆಯುವ ಗೆರೆ ಇರಲಿ. ಆಗುಂಬೆ ರಸ್ತೆಯ ತಿರುವುಗಳಲ್ಲಿ, ಮಂಜಿನಲ್ಲಿ, ಕೆಂಚು ಬಣ್ಣದ ನಾಯಿ ಗಾಡಿಯವರಿಗೆ ಕಾಣುವುದೇ ಇಲ್ಲ. ಕಟ್ಟಿದ ಮೇಲೆ ಬೆಲ್ಟಿನ ಅಡಿ ಎರಡು ಬೆರಳು ಆರಾಮಾಗಿ ಹೋಗಬೇಕು. ಅವನು ಇನ್ನೂ ಬೆಳೆಯುತ್ತಾನೆ, ವಾರಕ್ಕೊಮ್ಮೆ ನೋಡಲು ಹೇಳಿ. ಎದೆಗೆ ಹಾಕುವ ಹಾರ್ನೆಸ್ ಪೇಟೆಯಲ್ಲಿ ಓಡಾಡಿಸಲು ಒಳ್ಳೆಯದು. ತೋಟದಲ್ಲಿ ಬಿಟ್ಟ ನಾಯಿಗೆ ಅದನ್ನು ಹಾಕಿಡಬಾರದು.

ಕಟ್ಟಲು ಒಂದು ಉದ್ದ ಹಗ್ಗವೂ ಬೇಕು, ತುದಿಯಲ್ಲಿ ತಿರುಗುವ ಕೊಕ್ಕೆ ಇರುವುದು. ದಿನವೂ ಬೇಡ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ (ಬೋರ್ಡೋ ದ್ರಾವಣ) ಹೊಡೆಯುವ ದಿನ ಬೇಕೇ ಬೇಕು. ಬೋರ್ಡೋ ಮಾಡಲು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕುತ್ತಾರಲ್ಲ, ಆ ಡ್ರಮ್ಮಿಗೆ ನಾಯಿ ಬಾಯಿ ಹಾಕಬಾರದು. ಮೈಲುತುತ್ತ ಕದಡಿದ ಬಕೆಟ್ ಇನ್ನೂ ಅಪಾಯ. ಬಸವನ ಹುಳುವಿಗೆ ಹಾಕುವ ಗುಳಿಗೆ ಇದೆಯಲ್ಲ, ಮೆಟಾಲ್ಡಿಹೈಡ್, ಅದನ್ನು ನಾಯಿ ತಿಂದರೆ ನಡುಕ ಬಂದು ಪ್ರಾಣವೇ ಹೋಗಬಹುದು. ಅದನ್ನು ಹಾಕಿದ ತೋಟಕ್ಕೆ ನಾಯಿಯನ್ನು ಬಿಡಲೇಬೇಡಿ.

ಉಣುಗಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ, ಕರೆಂಟು ಹೋಗುವ ಹಾಗಿದೆ.

ಸಾಗರ ಸೀಮೆ (ಸಾಗರ) ಹೇಳಿದ್ದು:

ಮೇಲಿನವರು ಹೇಳಿದ್ದು ಸರಿ. ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ, ಲಸಿಕೆ ಬಗ್ಗೆ ಎರಡು ಮಾತು. ಮೇಡಂ, ನಿಮ್ಮ 3000 ರೂಪಾಯಿಯಲ್ಲಿ ಮೊದಲ ಭಾಗ ಇದಕ್ಕೆ ಇಡಿ. ರೇಬೀಸ್ ಲಸಿಕೆ ಮೂರು ತಿಂಗಳ ವಯಸ್ಸಿಗೆ ಶುರು, ಆಮೇಲೆ ವೈದ್ಯರು ಹೇಳಿದ ಹಾಗೆ ವರ್ಷ ವರ್ಷ. ಊರಲ್ಲಿ ಮರಿಗೆ ಹಾಕಿಸಿದ್ದಾರಾ ಕೇಳಿ. ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ಆಮೇಲೆ. ಜೊತೆಗೆ ಇಲಿ ಜ್ವರದ ಲಸಿಕೆ ಸೇರಿರುವ ಇಂಜೆಕ್ಷನ್ನೂ ಬೇಕು. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಅದು ಬರುತ್ತೆ, ಮನುಷ್ಯರಿಗೂ ಹರಡುತ್ತೆ. ಗದ್ದೆ ಬದುವಿನಲ್ಲಿ ಓಡಾಡುವ ನಾಯಿಗೆ ಇದನ್ನು ಬಿಡಬಾರದು. ಹಾಕಿಸಿದ್ದನ್ನು ಬರೆದಿಡಲು ಒಂದು ಚಿಕ್ಕ ಪುಸ್ತಕ ಮಾಡಿ ಕೊಡಿ, ಜಂತಿನ ಮಾತ್ರೆ ಕೊಟ್ಟ ತಾರೀಖೂ ಅದರಲ್ಲೇ ಇರಲಿ.

ತುಂಗಾತೀರ ಕೇಳಿದ್ದು:

ಎಷ್ಟು ವಿವರವಾಗಿ ಹೇಳಿದಿರಿ, ತುಂಬಾ ಧನ್ಯವಾದ. ಅತ್ತಿಗೆಗೆ ಫೋನ್ ಮಾಡಿ ಕೇಳಿದೆ. ರೇಬೀಸ್ ಹಾಕಿಸಿದ್ದಾರೆ, ಇನ್ನೊಂದು ಇಲ್ಲ. ಅದನ್ನು ಈ ಸಲ ನಾನೇ ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿ ಮಾಡಿಸುತ್ತೇನೆ. ದಬ್ಬೆ ಮನೆಯಲ್ಲೇ ಇದೆಯಂತೆ, ಅಣ್ಣ ಒಪ್ಪಿದ. ಆದರೆ ಉಣುಗಿನ ಕಾಟ ಬಹಳ ಅಂತ ಅತ್ತಿಗೆ ಹೇಳಿದರು. ದರಗು (ಉದುರಿದ ಒಣ ಎಲೆ) ಗುಡಿಸಲು ಬೆಟ್ಟಕ್ಕೆ ಹೋದಾಗೆಲ್ಲ ಕೆಂಚ ಹಿಂದೆಯೇ ಹೋಗುತ್ತಾನೆ. ಬಂದ ಮೇಲೆ ಅಮ್ಮ ಕೈಯಲ್ಲಿ ಕಿತ್ತು ಉಗುರಿನಿಂದ ಒತ್ತಿ ಸಾಯಿಸುತ್ತಾರಂತೆ. ಒಂದು ನಾಯಿ ಶಾಂಪೂ, ಒಂದು ಪೌಡರ್ ನೋಡಿಟ್ಟಿದ್ದೇನೆ. ಅದು ಸಾಕಾ? ಮೊದಲ ಸಲ ಹೇಳಲು ಮರೆತೆ, ಮನೆಯಲ್ಲಿ ಬೆಕ್ಕೂ ಇದೆ. ಇಬ್ಬರೂ ಒಟ್ಟಿಗೇ ಮಲಗುತ್ತಾರೆ.

ತೋಟದ ಮನೆ (ಹೊಸನಗರ ತಾಲ್ಲೂಕು) ಹೇಳಿದ್ದು:

ಅಕ್ಕಾ, ಅಮ್ಮನಿಗೆ ಇವತ್ತೇ ಫೋನ್ ಮಾಡಿ ಕೈಯಲ್ಲಿ ಒತ್ತುವುದು ನಿಲ್ಲಿಸಿ ಅಂತ ಹೇಳಿ. ದಯವಿಟ್ಟು. ಮನುಷ್ಯರಿಗೂ ಬರುವ ಜ್ವರ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಕಾಡಿನ ಉಣುಗಿನಿಂದ. ಮಳೆ ನಿಂತು ಚಳಿ ಶುರುವಾದ ಮೇಲೆ ಬೇಸಿಗೆಯವರೆಗೂ ಅದರ ಕಾಲ. ದರಗು ಗುಡಿಸುವುದೂ ಅದೇ ಹೊತ್ತಿನಲ್ಲಿ. ಆಗ ಕಾಡಿನಲ್ಲಿರುವ ಮರಿ ಉಣುಗು ಎಷ್ಟು ಸಣ್ಣದು ಅಂದರೆ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ನಾಯಿಯನ್ನು ಕಂಡು ಹೆದರಿ ಅಂತ ನಾನು ಹೇಳುತ್ತಿಲ್ಲ. ಆದರೆ ಬೆಟ್ಟದ ಉಣುಗು ಜಗಲಿಗೆ ಬರಲು ಅದರ ಮೈ ಒಂದು ದಾರಿ. ಕೆಂಚನನ್ನು ಉಣುಗಿನಿಂದ ಕಾಪಾಡಿದರೆ ಮನೆಯವರಿಗೂ ಒಳ್ಳೆಯದು. ನಾಯಿಗೇ ಉಣುಗಿನಿಂದ ಬೇರೆ ಜ್ವರ ಬರುತ್ತೆ. ಊಟ ಬಿಡುತ್ತೆ, ಒಸಡು ಬಿಳಿಚಿಕೊಳ್ಳುತ್ತೆ, ಕೆಲವಕ್ಕೆ ಮೂಗಿನಲ್ಲಿ ರಕ್ತ ಬರುತ್ತೆ. ತಡ ಮಾಡಿದರೆ ಉಳಿಸಿಕೊಳ್ಳುವುದು ಕಷ್ಟ.

ಶಾಂಪೂ ಅವತ್ತಿನ ಉಣುಗು ತೆಗೆಯುತ್ತೆ, ನಾಳೆಯದನ್ನು ತಡೆಯುವುದಿಲ್ಲ. ಪೌಡರ್ ಮಳೆಯಲ್ಲಿ ತೊಳೆದು ಹೋಗುತ್ತೆ, ನಾಯಿ ಅದನ್ನು ನೆಕ್ಕುತ್ತೆ ಬೇರೆ. ನಮ್ಮ ಕಡೆಗೆ ಬಾಯಿಂದ ಕೊಡುವ ಮಾತ್ರೆಯೇ ಒಳ್ಳೆಯದು. ಮೈ ನೆನೆದರೂ ಅದರ ಕೆಲಸ ನಿಲ್ಲುವುದಿಲ್ಲ. ಒಂದು ತಿಂಗಳು ಬರುವ ಮಾತ್ರೆಗಳಿವೆ. ಫ್ಲುರಲನರ್ ಅನ್ನುವ ಔಷಧಿಯ ಮಾತ್ರೆ ಸುಮಾರು ಮೂರು ತಿಂಗಳು ಬರುತ್ತೆ. ಬೆಲೆ ಜಾಸ್ತಿ ಅನಿಸುತ್ತೆ, ಆದರೂ ನಿಮ್ಮ ದುಡ್ಡು ಅದಕ್ಕೇ ಹೋಗಲಿ ಅಂತ ನನ್ನ ಆಸೆ. ನಾಯಿಗೆ ಮೂರ್ಛೆ ಬಂದ ಇತಿಹಾಸ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಮಾತ್ರೆ ತೂಕದ ಮೇಲೆ ಬರುವುದು. ತೂಕ ನೋಡುವುದು ಸುಲಭ. ಅಡಿಕೆ ತೂಗುವ ಯಂತ್ರದ ಮೇಲೆ ಅಣ್ಣ ಕೆಂಚನನ್ನು ಎತ್ತಿಕೊಂಡು ನಿಲ್ಲಲಿ, ಆಮೇಲೆ ಒಬ್ಬನೇ ನಿಲ್ಲಲಿ. ವ್ಯತ್ಯಾಸ ಬರೆದುಕೊಂಡು ವೈದ್ಯರ ಹತ್ತಿರ ಹೋಗಿ.

ಮಾತ್ರೆ ಕೊಟ್ಟರೂ ಉಣುಗು ಹತ್ತುತ್ತೆ, ಕಚ್ಚಿದ ಮೇಲೆ ಸಾಯುತ್ತೆ. ಹಾಗಾಗಿ ಬೆಟ್ಟದಿಂದ ಬಂದ ತಕ್ಷಣ ಮೈ ನೋಡುವುದು ತಪ್ಪಬಾರದು. ಅಮ್ಮನಿಗೆ ಒಂದು ಚೂಪು ಮೂತಿಯ ಚಿಮಟ, ಒಂದು ಜೊತೆ ರಬ್ಬರ್ ಗ್ಲೌಸು, ಒಂದು ಮುಚ್ಚಳದ ಡಬ್ಬಿ ಕೊಡಿ. ಡಬ್ಬಿಯಲ್ಲಿ ಸೋಪಿನ ನೀರು ಇರಲಿ. ಚರ್ಮಕ್ಕೆ ತಾಗಿದ ಹಾಗೆ ಉಣುಗಿನ ತಲೆ ಹಿಡಿದು, ತಿರುಚದೆ ನೇರ ಎಳೆಯಬೇಕು. ಡಬ್ಬಿಗೆ ಹಾಕಬೇಕು. ಒತ್ತಬಾರದು, ಸೀಮೆಎಣ್ಣೆ ಸುರಿಯಬಾರದು, ಬೆಂಕಿ ತಾಗಿಸಬಾರದು. ಕಿವಿಯೊಳಗೆ, ಬಾಲದ ಬುಡ, ಬೆರಳ ಸಂದು, ಬೆಲ್ಟಿನ ಅಡಿ ನೋಡಲೇಬೇಕು. ಹೇನಿಗೆ ಬಳಸುವ ಸೀರಣಿಗೆ ಇದ್ದರೆ ಸಣ್ಣ ಉಣುಗಿಗೆ ಒಳ್ಳೆಯದು, ಆದರೆ ಅದು ನಾಯಿಗೇ ಬೇರೆ ಇರಲಿ.

ಇಂಬಳಕ್ಕೆ (ಜಿಗಣೆ) ಬೇರೆ ಸಾಮಾನು ಬೇಡ. ಅದು ಕಚ್ಚಿಕೊಂಡ ಬಾಯಿಯ ಹತ್ತಿರ ಉಗುರು ಇಟ್ಟು ಪಕ್ಕಕ್ಕೆ ಜಾರಿಸಿದರೆ ಬಿಡುತ್ತೆ. ಆಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತೆ, ಬಟ್ಟೆ ಒತ್ತಿ ಹಿಡಿಯಿರಿ. ಸುಣ್ಣ ಹಚ್ಚಬೇಡಿ, ನಾಯಿಯ ಚರ್ಮ ಸುಡುತ್ತೆ. ಹಳ್ಳದ ನೀರು ಕುಡಿದ ನಾಯಿಗೆ ಒಂದೇ ಹೊಳ್ಳೆಯಲ್ಲಿ ರಕ್ತ, ಸೀನು ಶುರುವಾದರೆ ಒಳಗೆ ಇಂಬಳ ಇರಬಹುದು. ಆಗ ಮನೆಯಲ್ಲಿ ಕಡ್ಡಿ ಹಾಕಬೇಡಿ, ಆಸ್ಪತ್ರೆಗೇ ಹೋಗಿ.

ಸಾಗರ ಸೀಮೆ (ಸಾಗರ) ಹೇಳಿದ್ದು:

ಬೆಕ್ಕಿನ ವಿಷಯ ಕೇಳಿ ಒಳ್ಳೆಯದು ಮಾಡಿದಿರಿ. ನಾಯಿಯ ಉಣುಗಿಗೆ ಬೆನ್ನಿಗೆ ಹಾಕುವ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತೆ. ಅದು ಬೆಕ್ಕಿಗೆ ವಿಷ. ನಾಯಿಯ ಮೈಗೆ ಒತ್ತಿ ಮಲಗಿದರೂ, ನೆಕ್ಕಿದರೂ ಸಾಕು, ನಡುಕ ಬರುತ್ತೆ. ಕೆಲವು ಪೌಡರ್‌ಗಳಲ್ಲೂ ಇರುತ್ತೆ. ನೀವು ನೋಡಿಟ್ಟ ಪೌಡರಿನ ಡಬ್ಬಿ ಓದಿ. ಇಬ್ಬರೂ ಒಟ್ಟಿಗೆ ಮಲಗುವ ಮನೆಗೆ ಮಾತ್ರೆಯೇ ಸರಿ. ನಾಯಿಯ ಮಾತ್ರೆಯನ್ನು ಮುರಿದು ಬೆಕ್ಕಿಗೆ ಕೊಡಬೇಡಿ.

ತಿಂಡಿ ತಗೊಂಡು ಹೋಗುವ ಯೋಚನೆ ಇದ್ದರೆ ಚಾಕೊಲೇಟ್ ಬೇಡ. ದ್ರಾಕ್ಷಿ ಹಾಕಿದ ಪಾಯಸ, ಈರುಳ್ಳಿ ಹಾಕಿದ ಸಾರು, ಬೇಯಿಸಿದ ಕೋಳಿ ಮೂಳೆ, ಇವನ್ನೂ ಕೊಡಬಾರದು ಅಂತ ಮನೆಯಲ್ಲಿ ಹೇಳಿ. ಹಬ್ಬದ ದಿನ ಪ್ರೀತಿಯಿಂದ ಇವನ್ನೇ ಹಾಕುತ್ತಾರೆ.

ತುಂಗಾತೀರ ಕೇಳಿದ್ದು:

ಪೌಡರಿನ ಡಬ್ಬಿ ಓದಿದೆ. ಪರ್ಮೆಥ್ರಿನ್ ಇದೆ! ತಗೊಳ್ಳುವುದಿಲ್ಲ. ಅಮ್ಮನಿಗೂ ಹೇಳಿದೆ, ಚಿಮಟ ತಂದರೆ ಹಾಗೇ ಮಾಡುತ್ತೇನೆ ಅಂದರು. ಕೊನೆಯದಾಗಿ ಎರಡು ಪ್ರಶ್ನೆ. ಊಟದ ಬಟ್ಟಲು ಯಾವುದು ಒಳ್ಳೆಯದು? ಮತ್ತೆ, ಕಳೆದ ದೀಪಾವಳಿಗೆ ಪಕ್ಕದ ಮನೆ ನಾಯಿ ಪಟಾಕಿಗೆ ಹೆದರಿ ಓಡಿಹೋಗಿ ಸಿಗಲೇ ಇಲ್ಲವಂತೆ. ಅದಕ್ಕೆ ಏನಾದರೂ ಇದೆಯಾ?

ತೋಟದ ಮನೆ (ಹೊಸನಗರ ತಾಲ್ಲೂಕು) ಹೇಳಿದ್ದು:

ಬಟ್ಟಲು ಸ್ಟೀಲಿನದು, ಅಗಲವಾದದ್ದು, ಅಡಿಗೆ ರಬ್ಬರ್ ಇರುವುದು. ಎರಡು ತಗೊಳ್ಳಿ. ಇರುವೆ ಬಂದರೆ ದೊಡ್ಡ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಬಟ್ಟಲು ಇಟ್ಟರೆ ಆಯಿತು. ಮನೆಯಲ್ಲಿ ಹಳೇ ಕಲ್ಲಿನ ಮರಿಗೆ (ಚಿಕ್ಕ ತೊಟ್ಟಿ) ಬಿದ್ದಿದ್ದರೆ ಕುಡಿಯುವ ನೀರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಮಗುಚುವುದಿಲ್ಲ, ನೀರೂ ತಂಪಾಗಿರುತ್ತೆ. ದಿನಾ ಚೆಲ್ಲಿ ತೊಳೆದು ತುಂಬಬೇಕು.

ಓಡಿಹೋಗುವ ನಾಯಿಗೆ ಕುತ್ತಿಗೆ ಬಿಲ್ಲೆ. ಅದನ್ನು ಆನ್‌ಲೈನ್‌ನಲ್ಲಿ ತರಿಸಬೇಡಿ. ಗಾಂಧಿ ಬಜಾರಿನ ಕಡೆ ಪಾತ್ರೆ ಅಂಗಡಿಗಳಿಗೆ ಹೋಗಿ, ಸ್ಟೀಲ್ ಪಾತ್ರೆಗೆ ಹೆಸರು ಕೊರೆದು ಕೊಡುತ್ತಾರಲ್ಲ, ಅವರನ್ನು ಕೇಳಿ. ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಸ್ಟೀಲ್ ಬಿಲ್ಲೆ ತಗೊಂಡು ಹೋದರೆ ಅದರ ಮೇಲೆ ಫೋನ್ ನಂಬರ್ ಕೊರೆದು ಕೊಡುತ್ತಾರೆ. ಅಂಟಿಸಿದ ಸ್ಟಿಕ್ಕರ್, ಪೆನ್ನಿನ ಬರಹ ಒಂದೇ ಮಳೆಗೆ ಹೋಗುತ್ತೆ, ಕೊರೆದದ್ದು ಹೋಗುವುದಿಲ್ಲ. ಅಣ್ಣನ ನಂಬರ್ ಮೇಲಿನ ಸಾಲಿನಲ್ಲಿ, ನಿಮ್ಮ ಶಿವಮೊಗ್ಗದ ನಂಬರ್ ಅದರ ಕೆಳಗೆ, ಎರಡೂ ಒಂದೇ ಮುಖಕ್ಕೆ. ಊರಲ್ಲಿ ನೆಟ್‌ವರ್ಕ್ ಸಿಗದ ಹೊತ್ತಿನಲ್ಲಿ ಯಾರಾದರೂ ಕರೆ ಮಾಡಿದರೆ ನಿಮಗಾದರೂ ಸಿಗಲಿ. ಅಂಚು ಚೂಪಿದ್ದರೆ ಅರದಲ್ಲಿ ಉಜ್ಜಿಸಿ. ನೇತಾಡುವ ಬಿಲ್ಲೆ ಬೇಲಿಗೆ ಸಿಕ್ಕಿ ಕಿತ್ತು ಹೋಗುತ್ತೆ. ಎರಡು ತುದಿಗೂ ತೂತು ಹೊಡೆಸಿ, ಬೆಲ್ಟಿಗೇ ಮಟ್ಟಸವಾಗಿ ರಿವೆಟ್ ಹಾಕಿಸಿಬಿಡಿ. ಚಪ್ಪಲಿ ಹೊಲಿಯುವವರ ಹತ್ತಿರ ಆ ಕೆಲಸ ಆಗುತ್ತೆ. ರಿವೆಟ್ಟಿನ ಒಳಗಡೆ ಕೈಯಾಡಿಸಿ ನೋಡಿ, ಕುತ್ತಿಗೆಗೆ ಚುಚ್ಚಬಾರದು.